ಡೆಲ್ಫಿ ಅತ್ತೆ ಗೆಲ್ಲಿಸಿದ ಜಡ್ಜ್

"ಅಮ್ಮಾ, ಜಡ್ಜ್ ಮಿಠಾಯಿ ಎಸೀತಿದ್ರೆ ಡೆಲ್ಫಿ ಅಜ್ಜಿ ಯಾಕೆ ಬೆನ್ನು ಹಾಕಿ ನಿಂತ್ಕೊಂಡ್ರು?"

ಜೋನಿಬೆಲ್ಲದ ಹಬ್ಬದ ಮೆರವಣಿಗೆ ನೋಡಿ ಮನೆಗೆ ಬರುತ್ತಿದ್ದಾಗ ಹಿಂದಿನ ಸೀಟಿನಿಂದ ಮೇಸಿ ಕೇಳಿದ ಪ್ರಶ್ನೆ ಇದು. ಅವಳ ಮಡಿಲ ತುಂಬ ಮಿಠಾಯಿ. ಬೆಂಕಿ ಆರಿಸುವ ಗಾಡಿ, ಶಾಲೆಯ ಬ್ಯಾಂಡು, ಕಿರೀಟ ತೊಟ್ಟ ಹುಡುಗಿಯರು ಎಲ್ಲ ಹೋದ ಮೇಲೆ, ಕೊನೆಗೆ ಜಡ್ಜ್ ಲಾನಿ ಗೇಹಾರ್ಟ್ ಪಿಕಪ್ ಗಾಡಿಯ ಹಿಂಭಾಗದಲ್ಲಿ ನಿಂತು ಎರಡೂ ಕೈಯಲ್ಲಿ ಮಿಠಾಯಿ ತೂರುತ್ತ ಬಂದಿದ್ದ. ಡೆಲ್ಫಿ ಅತ್ತೆ ನಮ್ಮ ಪಕ್ಕದಲ್ಲೇ ಇದ್ದರು. ಗಾಡಿ ಹತ್ತಿರ ಬಂದಾಗ ಅವರು ನಿಧಾನಕ್ಕೆ ತಿರುಗಿ ಹಾರ್ಡ್‌ವೇರ್ ಅಂಗಡಿಯ ಗಾಜಿನ ಕಡೆ ಮುಖ ಮಾಡಿದರು. ಒಂದೆರಡು ಮಿಠಾಯಿ ಅವರ ಸ್ವೆಟರಿಗೆ ಬಡಿದು ಕೆಳಗೆ ಬಿದ್ದವು. ಮೇಸಿ ಅವನ್ನೂ ಆರಿಸಿಕೊಂಡಳು.

"ಅವರಿಗೆ ಸಿಹಿ ಬೇಡ್ವಂತೆ," ಎಂದೆ.

"ಸುಳ್ಳು. ಚರ್ಚಲ್ಲಿ ಪರ್ಸಿಂದ ತೆಗ್ದು ತೆಗ್ದು ತಿಂತಾರೆ. ಜಡ್ಜ್ ಅವರನ್ನ ಜೈಲಿಗೆ ಹಾಕ್ತಾರಾ?"

"ಇಲ್ಲ ಕಣೇ. ನಮ್ಮ ಜಡ್ಜ್ ಜೈಲಿಗೆ ಹಾಕೋ ಜಡ್ಜ್ ಅಲ್ಲ."

"ಮತ್ತೆ ಇನ್ನೆಂಥ ಜಡ್ಜು?"

"ರಸ್ತೆ ಜಡ್ಜು," ಎಂದುಬಿಟ್ಟೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆವತ್ತೇ ಇದನ್ನೆಲ್ಲ ಬರೆದಿಡೋಣವೆಂದು ಕುಳಿತೆ. ಚಿಕ್ಕವನು ವೆಸ್ ಎದ್ದ, ಜ್ವರ ಬಂತು, ಬಟ್ಟೆ ಒಗೆಯುವ ಯಂತ್ರ ಕೆಟ್ಟಿತು. ಈಗ ಬರೆಯುತ್ತಿದ್ದೇನೆ. ಈಗ ಬರೆಯದಿದ್ದರೆ ನಾಳೆ ಬೇರೆ ಥರ ನೆನಪಾದೀತು.

ಕೆಂಟಕಿಯ ಈ ಬೆಟ್ಟಗಳಲ್ಲಿ ಕೌಂಟಿ ನಡೆಸುವವನನ್ನು ಜಡ್ಜ್ ಎನ್ನುತ್ತೇವೆ. ನಾಲ್ಕು ವರ್ಷಕ್ಕೊಮ್ಮೆ ವೋಟು ಹಾಕಿ ಆರಿಸುತ್ತೇವೆ. ರಸ್ತೆ, ಮೋರಿ, ಕಸದ ಗಾಡಿ, ಬೀದಿನಾಯಿ ಎಲ್ಲಕ್ಕೂ ಅವನೇ. ಅವನ ಜೊತೆ ಕೂರುವ ಸದಸ್ಯರಿಗೆ ಮ್ಯಾಜಿಸ್ಟ್ರೇಟ್ ಎಂದೇ ಹೆಸರು, ಅವರು ಸೇರುವ ಸಭೆಗೆ ಫಿಸ್ಕಲ್ ಕೋರ್ಟ್ ಎಂದು ಹೆಸರು. ಅಲ್ಲಿ ಕಳ್ಳರನ್ನು ಯಾರೂ ಎಳೆದು ತರುವುದಿಲ್ಲ. ಹೊರಗಿನಿಂದ ಬಂದವರು ತಲೆ ಕೆರೆದುಕೊಳ್ಳುತ್ತಾರೆ. ಡೆಲ್ಫಿ ಅತ್ತೆಯನ್ನು ಕೇಳಿದರೆ ಒಂದೇ ಉಸಿರಿನಲ್ಲಿ ಎಲ್ಲ ಜಡ್ಜುಗಳ ಪುರಾಣ ಬಿಚ್ಚುತ್ತಿದ್ದರು.

"ಗ್ರೋವರ್ ಎವರ್‌ಸೋಲ್ ಕಾಲದಲ್ಲಿ ಜಡ್ಜ್ ಅಂದ್ರೆ ಜಡ್ಜೇ ಕಣೇ. ಶನಿವಾರ ಕುಡ್ದು ಬಿದ್ದೋನ್ನ ಸೋಮವಾರ ಒಳಗೆ ಹಾಕ್ತಿದ್ದ, ಮಂಗಳವಾರ ಅವನ ಮನೆ ದಾರಿಗೆ ಜಲ್ಲಿ ಹೊಡಿಸ್ತಿದ್ದ. ಯಾರಿಗೂ ಸಿಟ್ಟು ಉಳೀತಿರ್ಲಿಲ್ಲ. ಆಮೇಲೆ ಕ್ಲೆಲ್ ಆಂಬರ್ಗಿ ಬಂದ. ಅವನ ಕಾಲದಲ್ಲಿ ರಾಜ್ಯದೋರು ಕಾನೂನು ತಿದ್ದಿ ನ್ಯಾಯ ಹೇಳೋ ಕೆಲಸಾನ ಕಿತ್ಕೊಂಡ್ರು. ಗೌನು ಹೋಯ್ತು, ಹೆಸರು ಉಳೀತು. ಆ ಕರೀ ಗೌನು ಹರಿದು ಅವನ ಹೆಂಡ್ತಿ ಅಡುಗೆಮನೆ ಕಿಟಕಿಗೆ ಪರದೆ ಮಾಡಿದ್ಲು ಅಂತಾರೆ. ನಾನೇನು ನೋಡಿಲ್ಲಪ್ಪ. ಆಮೇಲೆ ಡೆನ್‌ಜಿಲ್. ಸೇತುವೆ ಕಬ್ಬಿಣದಲ್ಲಿ ತನ್ನ ದೋಣಿಗೆ ಶೆಡ್ಡು ಕಟ್ಟಿಸ್ಕೊಂಡು ಸಿಕ್ಕಿಬಿದ್ದ. ನಮ್ಮ ಜಡ್ಜುಗಳಲ್ಲಿ ಜೈಲು ಅಂದ್ರೇನು ಅಂತ ಸರಿಯಾಗಿ ತಿಳ್ಕೊಂಡೋನು ಅವನೊಬ್ನೇ."

ಡೆಲ್ಫಿಯಾ ಸ್ಟಾಂಪರ್, ಊರಿಗೆಲ್ಲ ಡೆಲ್ಫಿ ಅತ್ತೆ, ಹುಟ್ಟಿದ್ದು, ಮದುವೆಯಾಗಿ ಉಳಿದದ್ದು, ಎಲ್ಲ ಸೋರ್‌ವುಡ್ ಕಣಿವೆಯಲ್ಲೇ. ಕಣಿವೆಯ ಬಾಯಲ್ಲಿ, ಡಾಂಬರು ರಸ್ತೆಯ ಪಕ್ಕ ನಮ್ಮ ಮನೆ. ಹಳ್ಳ ದಾಟಿ ಮಣ್ಣುದಾರಿಯಲ್ಲಿ ಒಳಗೆ ಹೋದರೆ ಕೊನೆಯ ಮನೆ ಅವರದು, ಅದರ ಮೇಲೆ ಅವರ ವಂಶದ ಸಮಾಧಿ ದಿಬ್ಬ. ಶಾಲೆಯ ಅಡುಗೆಮನೆಯಲ್ಲಿ ಆಯಸ್ಸು ಸವೆಸಿದವರು. ನಾನೂ ಅವರ ಕೈಯ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ತಿಂದೇ ಬೆಳೆದದ್ದು. ಕೌಂಟಿಯ ಅರ್ಧ ಜನರನ್ನು ಅವರು ತಟ್ಟೆಯ ಮೇಲೆ ಗುರುತು ಹಿಡಿಯುತ್ತಿದ್ದರು. "ಅವನಾ? ಪಾಲಕ್ ಸೊಪ್ಪನ್ನ ಜೇಬಲ್ಲಿ ಬಚ್ಚಿಟ್ಕೊಂಡು ತಿಂದೆ ಅಂತಿದ್ದ. ಅವನ ವೋಟು ನಂಬ್ಕೋಬೇಡಿ."

ವೋಟಿನ ಕೆಲಸ ಅವರಿಗೆ ಹೀಗೆ ತಟ್ಟೆಯ ಕೆಲಸದಿಂದಲೇ ಬಂತು. ನಮ್ಮ ಮತಗಟ್ಟೆಯ ವ್ಯಾಪ್ತಿಯಲ್ಲಿ ಜಡ್ಜ್ ಆಗಬೇಕೆನ್ನುವವನು ಮೊದಲು ಡೆಲ್ಫಿಯಾ ಸ್ಟಾಂಪರ್ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯಬೇಕು. ಅವರಿಗೆ ಒಪ್ಪಿಗೆಯಾದರೆ ಸೇಬಿನ ಪದರ ಕೇಕು ಹೊರಬರುತ್ತಿತ್ತು. ಒಪ್ಪಿಗೆಯಾಗದಿದ್ದರೆ ಬರೀ ಕಾಫಿ. ಮೇ ತಿಂಗಳ ಚುನಾವಣೆಯ ದಿನ ಮುದುಕ ಮುದುಕಿಯರನ್ನು ತಮ್ಮ ಗಂಡ ಬರ್ಲ್‌ನ ಹಳೆ ಟ್ರಕ್ಕಿಗೆ ಹತ್ತಿಸಿಕೊಂಡು ಮತಗಟ್ಟೆಗೆ ಬಿಟ್ಟು ಬರುತ್ತಿದ್ದರು. ಯಾರಿಂದಲೂ ಒಂದು ಕಾಸು ಮುಟ್ಟಿದವರಲ್ಲ. ಅವರಿಗೆ ಬೇಕಿದ್ದದ್ದು ಒಂದೇ, ಕಣಿವೆಯ ದಾರಿ ಚೆನ್ನಾಗಿರಬೇಕು.

ದಾರಿ ಚೆನ್ನಾಗಿಯೇ ಇತ್ತು. ರೆಡ್‌ಬಡ್ ಮರಗಳು ಎಲೆಗೆ ಮುಂಚೆ ನೇರಳೆ ಹೂ ಬಿಟ್ಟವೆಂದರೆ ಕೌಂಟಿಯ ಹಳದಿ ಗ್ರೇಡರ್ ಕಣಿವೆಗೆ ನುಗ್ಗಿ ಗುಂಡಿಗಳನ್ನೆಲ್ಲ ಕೆರೆದು ಸಮ ಮಾಡುತ್ತಿತ್ತು. ಅದರ ಹಿಂದೆಯೇ ಜಲ್ಲಿ. ಚುನಾವಣೆಯ ವರ್ಷ ದಪ್ಪಗೆ, ಉಳಿದ ವರ್ಷ ತೆಳ್ಳಗೆ. ಜಡ್ಜುಗಳು ಬದಲಾದರು, ಗ್ರೇಡರ್ ತಪ್ಪಲಿಲ್ಲ. ಕಣಿವೆಯಲ್ಲಿ ಯಾರಾದರೂ ಹೊಸದಾಗಿ ಮನೆ ಕಟ್ಟುತ್ತೇವೆಂದರೆ ಡೆಲ್ಫಿ ಅತ್ತೆ ಎದೆ ತಟ್ಟಿ ಹೇಳುತ್ತಿದ್ದರು, "ಧೈರ್ಯವಾಗಿ ಕಟ್ಕೊಳ್ಳಿ. ಇದು ಕೌಂಟಿ ರಸ್ತೆ." ಹಾಗೆ ಅವರ ಮಾತು ನಂಬಿ ಕಟ್ಟಿಕೊಂಡವರಲ್ಲಿ ವರ್ಸಿಯೂ ಒಬ್ಬಳು.

ಲಾನಿ ಅವರ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಅಷ್ಟೇ. ಅವನ ಅಪ್ಪ ಗಣಿಯಲ್ಲಿ ಮಾಡು ಕುಸಿದು ಸತ್ತಾಗ ಹತ್ತಿರವಿದ್ದವರು ಬರ್ಲ್. ಆಮೇಲೆ ಲಾನಿಯ ಅಮ್ಮ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹುಡುಗ ಶಾಲೆಯಿಂದ ನೇರ ಬರುತ್ತಿದ್ದದ್ದು ಡೆಲ್ಫಿ ಅತ್ತೆಯ ಅಡುಗೆಮನೆಗೆ. ಟ್ರಕ್ಕು ಓಡಿಸಲು ಕಲಿಸಿದವರು ಬರ್ಲ್, ಟೈ ಕಟ್ಟಲು ಕಲಿಸಿದವರೂ ಬರ್ಲ್. ಲಾನಿ ಜಡ್ಜ್ ಸ್ಥಾನಕ್ಕೆ ನಿಲ್ಲುತ್ತೇನೆಂದ ದಿನ ಪದರ ಕೇಕು ಎರಡು ಹೊರಬಂದವು.

"ಅತ್ತೆ, ನಿಮ್ಮನ್ನ ಯಾವತ್ತಾದ್ರೂ ಮರ್ತೆ ಅಂದ್ರೆ ಕೆನ್ನೆಗೆ ಬಾರ್ಸಿ," ಎಂದಿದ್ದನಂತೆ.

"ಕೈ ಎತ್ತೋಕಾಗ್ದಷ್ಟು ಎತ್ತರ ಆಗ್ಬಿಟ್ಟಿದೀಯಲ್ಲೋ," ಎಂದಿದ್ದರಂತೆ ಇವರು.

ಮೂರು ಸಲ ಗೆದ್ದ. ಮೂರು ಸಲವೂ ನಮ್ಮ ಮತಗಟ್ಟೆಯಲ್ಲಿ ಅವನಿಗೆ ಎದುರಾಳಿ ಇದ್ದಾನೋ ಇಲ್ಲವೋ ಎಂಬಷ್ಟು ವೋಟು.

ಹೋದ ಬೇಸಿಗೆಯ ಪ್ರವಾಹ ನಮ್ಮ ಕಣಿವೆಗೆ ಬೆಳಗಿನ ಹೊತ್ತು ಬಂತು. ಹಳ್ಳ ಎದ್ದು ನಿಂತು ದಾರಿಯ ಮೇಲೆ ನಡೆದು ಬಂದ ಹಾಗಿತ್ತು. ನಮ್ಮ ಮನೆಯ ಮೆಟ್ಟಿಲಿನವರೆಗೆ ಬಂದು ಇಳಿಯಿತು. ಇಳಿದ ಮೇಲೆ ನೋಡಿದರೆ ಕಣಿವೆಗೆ ಹೋಗುವ ಮೋರಿಯೇ ಇಲ್ಲ. ಕೊಳವೆ, ಮೇಲಿನ ಮಣ್ಣು, ಎಲ್ಲ ಕೊಚ್ಚಿಹೋಗಿ, ಒಂದು ಮನೆ ಹಿಡಿಸುವಷ್ಟು ಅಗಲದ ಕಂದಕ. ಗಂಡಸರು ಸೇರಿ ಎರಡು ವಿದ್ಯುತ್ ಕಂಬ ಉರುಳಿಸಿ ಮೇಲೆ ಹಲಗೆ ಹೊಡೆದರು. ಒಬ್ಬರ ಹಿಂದೆ ಒಬ್ಬರು ದಾಟಬಹುದು. ಗಾಡಿ ದಾಟದು.

ಬೇರೆಯವರಿಗೆ ಅದು ತೊಂದರೆ, ಡೆಲ್ಫಿ ಅತ್ತೆಗೆ ಉಸಿರಿನ ಪ್ರಶ್ನೆ. ಕಲ್ಲಿದ್ದಲ ಧೂಳು ಕುಡಿದು ಬರ್ಲ್ ಅವರ ಶ್ವಾಸಕೋಶ ಕಲ್ಲಾಗಿತ್ತು. ಮೂಗಿಗೆ ನಳಿಗೆ, ಪಕ್ಕದಲ್ಲಿ ಆಕ್ಸಿಜನ್ ಯಂತ್ರ, ಕರೆಂಟು ಹೋದರೆ ಸಿಲಿಂಡರ್. ಸಿಲಿಂಡರ್ ತರುವ ವ್ಯಾನು ಈಗ ನಮ್ಮ ಜಗಲಿಯಲ್ಲಿ ಇಳಿಸಿ ಹೋಗುತ್ತಿತ್ತು. ನಾನು ವೆಸ್‌ನನ್ನು ಸೊಂಟಕ್ಕೆ ಏರಿಸಿಕೊಂಡು, ಅವನ ತಳ್ಳುಗಾಡಿಯಲ್ಲಿ ಸಿಲಿಂಡರನ್ನು ಮಲಗಿಸಿಕೊಂಡು ಹಲಗೆಯವರೆಗೆ ತಳ್ಳುತ್ತಿದ್ದೆ. ಆಚೆಯಿಂದ ಡೆಲ್ಫಿ ಅತ್ತೆ ಬರುತ್ತಿದ್ದರು.

"ನೋಡು, ನಿನ್ನ ಮೂರನೇ ಕೂಸು ಎಷ್ಟು ಸುಮ್ನೆ ಮಲ್ಗಿದೆ," ಎನ್ನುತ್ತಿದ್ದರು ಸಿಲಿಂಡರ್ ಎತ್ತಿಕೊಳ್ಳುತ್ತ.

ಪಟ್ಟಣದಲ್ಲಿ ಮುದುಕರಿಗೆಂದು ಕಟ್ಟಿದ ಒಂದು ಕೋಣೆಯ ಮನೆಗಳಿವೆ, ಅಲ್ಲಿಗೆ ಹೋಗಿ ಎಂದು ಡಾಕ್ಟರು ಹೇಳಿದರು. ಬರ್ಲ್ ತಲೆ ಅಲ್ಲಾಡಿಸಿದರು. "ಲಾನಿ ಇದಾನಲ್ಲ. ಮೋರಿ ಹಾಕಿಸ್ತಾನೆ." ಆ ನಂಬಿಕೆ ಇಬ್ಬರಿಗೂ ಇತ್ತು. ವಾಷಿಂಗ್ಟನ್ನಿನಿಂದ ಪರಿಹಾರದವರು ಬಂದಾಗ ಡೆಲ್ಫಿ ಅತ್ತೆ ತಾವೇ ಹೋಗಿ ಕಂದಕ ತೋರಿಸಿದರು. ಬಂದವನು ಒಳ್ಳೆಯ ಹುಡುಗ. "ಕೌಂಟಿ ರಸ್ತೆ ಆದ್ರೆ ನಾವು ಕಟ್ಟಿಸಿಕೊಡ್ತೀವಮ್ಮ. ಖಾಸಗಿ ದಾರಿಗೆ ಆಗಲ್ಲ. ನಿಮ್ಮ ಜಡ್ಜ್ ಹತ್ರ ಒಂದು ಮಾತು ಹೇಳಿಸಿ," ಎಂದು ಹೋದ.

"ಅಷ್ಟೇ ತಾನೆ?" ಎಂದರು ಅತ್ತೆ. ಆವತ್ತು ಅವರ ಮುಖ ನೋಡಬೇಕಿತ್ತು.

ಫೋನಿಗೆ ಲಾನಿ ಸಿಗಲಿಲ್ಲ. ಸಭೆಗೆ ಬರಲಿ ಎಂದು ಅವನ ಆಫೀಸಿನ ಹುಡುಗಿ ಹೇಳಿದಳು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ, ನನ್ನ ಗಂಡ ಕೋಡಿ ದೂರದ ಕೆಲಸದಲ್ಲಿದ್ದು ವೆಸ್‌ನನ್ನು ಬಿಡಲು ಯಾರೂ ಇರಲಿಲ್ಲವೆಂದು ಅವನನ್ನೂ ಹೊತ್ತುಕೊಂಡು. ಡೆಲ್ಫಿ ಅತ್ತೆ ಈಸ್ಟರಿಗೆ ಉಡುವ ನೀಲಿ ಉಡುಪು ಹಾಕಿಕೊಂಡಿದ್ದರು. ದಾರಿಯಲ್ಲಿ ವರ್ಸಿ ಎದುರಾಗಿ ಕಿಟಕಿಗೆ ಬಗ್ಗಿದಳು. "ಏನ್ರೀ, ನಿಮ್ಮ ಜಡ್ಜನ್ನ ನೋಡೋಕಾ? ನಮ್ಮ ಮನೆಗೂ ಒಂದು ಸೇತುವೆ ಹೇಳಿ."

"ಒಂದೇ ಸೇತುವೆ ಕಣೇ ಎಲ್ರಿಗೂ. ಸಾಯಂಕಾಲ ಬಾ, ಹೇಳ್ತೀನಿ," ಎಂದರು.

ಕೋರ್ಟಿನ ಮಹಡಿಯ ಕೋಣೆ. ಪ್ರಾರ್ಥನೆ ಆಯಿತು, ಬಾವುಟಕ್ಕೆ ವಂದನೆ ಆಯಿತು. ಲಾನಿ ನಡುವಿನ ಎತ್ತರದ ಕುರ್ಚಿಯಲ್ಲಿ, ಎರಡೂ ಕಡೆ ಮ್ಯಾಜಿಸ್ಟ್ರೇಟರು. ಮೊದಲ ವಿಷಯ, ಬೆಟ್ಟದ ಮೇಲೆ ಹೊಸದಾಗಿ ಬಂದಿರುವ, ಹಗ್ಗಕ್ಕೆ ಜೋತು ಕಣಿವೆ ದಾಟುವ ಪ್ರವಾಸಿಗರ ಆಟದ ಜಾಗದ ದಾರಿ. ಅದನ್ನು ಕೌಂಟಿ ರಸ್ತೆಯೆಂದು ಒಳಗೆ ತೆಗೆದುಕೊಳ್ಳಬೇಕು ಎಂದು ಒಬ್ಬ ಹೇಳಿದ, ಇನ್ನೊಬ್ಬ ಅನುಮೋದಿಸಿದ, ಎಲ್ಲರೂ ಹೂಂ ಎಂದರು. ವೆಸ್ ಒಂದು ಬಿಸ್ಕತ್ತು ತಿಂದು ಮುಗಿಸುವುದರೊಳಗೆ ಆಗಿಹೋಯಿತು. ಡೆಲ್ಫಿ ಅತ್ತೆ ನನ್ನ ಕಿವಿಯಲ್ಲಿ, "ನೋಡಿದ್ಯಾ, ಎಷ್ಟು ಸುಲಭ," ಎಂದರು.

ಅವರ ಸರದಿ ಬಂದಾಗ ಎದ್ದು ನಿಂತರು.

"ಲಾನಿ, ನಾನು ಜಾಸ್ತಿ ಮಾತಾಡಲ್ಲ ಕಣೋ. ನಿಂಗೆ ಎಲ್ಲ ಗೊತ್ತೇ ಇದೆ. ಬರ್ಲ್‌ಗೆ ಉಸಿರು ಕಟ್ಟಿದ್ರೆ ಆಂಬುಲೆನ್ಸು ಈಚೆ ದಡದಲ್ಲೇ ನಿಲ್ಲತ್ತೆ. ಪರಿಹಾರದೋರು ಕಟ್ಟಿಸ್ಕೊಡ್ತಾರಂತೆ. ಇದು ಕೌಂಟಿ ರಸ್ತೆ ಅಂತ ನೀನೊಂದು ಮಾತು ಹೇಳ್ಬೇಕಂತೆ. ಅಷ್ಟೇ."

ಲಾನಿ ಮುಂದಿನ ಕಾಗದಗಳ ಅಂಚು ಸಮ ಮಾಡಿದ.

"ಮಿಸೆಸ್ ಸ್ಟಾಂಪರ್, ತಾವು ಬಂದಿದ್ದಕ್ಕೆ ಈ ಕೋರ್ಟು ಆಭಾರಿಯಾಗಿದೆ," ಎಂದ.

ಡೆಲ್ಫಿ ಅತ್ತೆ ಹಿಂದೆ ತಿರುಗಿ ನೋಡಿದರು. ನಿಜವಾಗಿಯೂ ತಿರುಗಿ ನೋಡಿದರು, ತಮ್ಮ ಹಿಂದೆ ಬೇರೆ ಯಾರೋ ಮಿಸೆಸ್ ಸ್ಟಾಂಪರ್ ನಿಂತಿದ್ದಾರೇನೋ, ಸತ್ತುಹೋದ ತಮ್ಮ ಅತ್ತೆಯೇ ಎದ್ದು ಬಂದರೇನೋ ಎಂಬಂತೆ.

"ಆ ದಾರಿ ಕೌಂಟಿ ರಸ್ತೆ ಅಲ್ಲ," ಎಂದು ಲಾನಿ ಮುಂದುವರಿಸಿದ. "ಯಾವತ್ತೂ ಆಗಿರಲಿಲ್ಲ. ಈ ಸಭೆ ವೋಟು ಹಾಕಿ ಒಳಗೆ ತಗೊಂಡ್ರೆ ಮಾತ್ರ ಕೌಂಟಿ ರಸ್ತೆ. ಸೋರ್‌ವುಡ್ ಕಣಿವೆಗೆ ಯಾರೂ ಯಾವತ್ತೂ ವೋಟು ಹಾಕಿಲ್ಲ."

"ಮತ್ತೆ ಗ್ರೇಡರ್ ಬರ್ತಿತ್ತಲ್ಲೋ? ವರ್ಷ ವರ್ಷ ಜಲ್ಲಿ ಹಾಕಿದ್ರಲ್ಲ?"

"ಅದು ಸೌಜನ್ಯಕ್ಕೆ ಮಾಡಿದ್ದು."

"ಯಾರ ಸೌಜನ್ಯ?"

ಹಿಂದಿನ ಬೆಂಚಿನಿಂದ ಯಾರೋ "ಮೇ ತಿಂಗಳ ಸೌಜನ್ಯ!" ಎಂದು ಕೂಗಿದರು. ಜನ ನಕ್ಕರು. ನ್ಯಾಯ ಹೇಳುವ ಕೆಲಸ ಹೋದರೂ ನಮ್ಮ ಜಡ್ಜ್ ಕೈಯಲ್ಲಿ ಮರದ ಸುತ್ತಿಗೆ ಉಳಿದಿದೆ. ಲಾನಿ ಅದನ್ನು ಬಡಿದ. ನಗು ನಿಂತ ಮೇಲೆ ಡೆಲ್ಫಿ ಅತ್ತೆ ಕೇಳಿದ್ದು ಬಹಳ ಮೆಲ್ಲಗೆ.

"ನಿಂಗೆ ಇದು ಯಾವಾಗಿಂದ ಗೊತ್ತು?"

"ಗೆದ್ದ ಮೊದಲ ವರ್ಷ ಕೌಂಟಿ ವಕೀಲರು ಹೇಳಿದ್ರು."

"ಗೆದ್ದ ಮೊದಲ ವರ್ಷ," ಎಂದರು ಅತ್ತೆ. "ಆಯ್ತಪ್ಪ. ಆಗಿರ್ಲಿಲ್ಲ ಅಂದ್ರೆ ಇವತ್ತು ಮಾಡಿ. ಈಗ ತಾನೆ ಒಂದನ್ನ ತಗೊಂಡ್ರಲ್ಲ, ಅದರ ಹಿಂದೆ ಇದನ್ನೂ ತಗೊಳ್ಳಿ," ಎಂದರು.

ನಮ್ಮ ಕಡೆಯ ಮ್ಯಾಜಿಸ್ಟ್ರೇಟ್ ಆರ್ಲಿಸ್, ಪಾಪ, ಕೈ ಎತ್ತಿದ. ತೆಗೆದುಕೊಳ್ಳೋಣ ಎಂದು ಪ್ರಸ್ತಾಪ ಮಾಡಿದ. ಲಾನಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಯಾರಾದ್ರೂ ಅನುಮೋದಿಸ್ತೀರಾ?" ಒಬ್ಬ ಪೆನ್ನಿನ ಗುಂಡಿ ಒತ್ತುತ್ತಿದ್ದ. ಇನ್ನೊಬ್ಬ ನೀರು ಕುಡಿದ. ವೆಸ್ ನನ್ನ ಮಡಿಲಿನಿಂದ ಬೆಂಚನ್ನು ಒದೆಯುತ್ತಿದ್ದ, ಆ ಸದ್ದೊಂದೇ. ಲಾನಿಗೂ ವೋಟಿದೆ. ಅನುಮೋದಿಸುವ ಹಕ್ಕು ಅವನಿಗೂ ಇದೆ. ಡೆಲ್ಫಿ ಅತ್ತೆ ಬೇರೆ ಯಾರನ್ನೂ ನೋಡಲಿಲ್ಲ, ಅವನೊಬ್ಬನನ್ನೇ ನೋಡುತ್ತ ನಿಂತಿದ್ದರು.

"ಅನುಮೋದನೆ ಇಲ್ಲದ್ದರಿಂದ ಪ್ರಸ್ತಾಪ ಬಿದ್ದುಹೋಗಿದೆ," ಎಂದ ಲಾನಿ. "ಮುಂದಿನ ವಿಷಯ."

ವಾಪಸು ಬರುವಾಗ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ, "ನನ್ನನ್ನ ಮಿಸೆಸ್ ಅಂದ," ಎಂದರು.

"ಸಭೆ ಅಲ್ವಾ ಅತ್ತೆ, ಅಲ್ಲಿ ಹಾಗೆ ಅನ್ಬೇಕೇನೋ."

"ನಂಗೇನು ಗೊತ್ತಾಗಲ್ವಾ? ಮಿಸೆಸ್ ಅಂದಾಗ್ಲೇ ಇಲ್ಲ ಅಂದ ಹಾಗಾಯ್ತು. ಅತ್ತೆ ಅಂತ ಕರೆದು ಇಲ್ಲ ಅನ್ನೋಕೆ ನಾಲಿಗೆ ಬರ್ಲಿಲ್ಲ ಅವನಿಗೆ." ಕಿಟಕಿಯ ಗಾಜು ಇಳಿಸಿದರು, ಮತ್ತೆ ಏರಿಸಿದರು. "ಮೊದಲನೇ ವರ್ಷವೇ ಗೊತ್ತಿತ್ತಂತೆ ಮಗಾ. ಆವತ್ತೇ ವೋಟು ಹಾಕಿ ತಗೊಂಡಿದ್ರೆ ಜಲ್ಲಿ ತಾನಾಗೇ ಬರ್ತಿತ್ತು. ತಾನಾಗೇ ಬರೋದಾದ್ರೆ ನಾನ್ಯಾಕೆ ಅವನಿಗೋಸ್ಕರ ಬಾಗ್ಲು ಬಾಗ್ಲು ತಟ್ತಿದ್ದೆ? ಅದಕ್ಕೇ ತಗೊಳ್ಲಿಲ್ಲ. ಹಸೂಗೆ ಹುಲ್ಲು ತೋರ್ಸಿ ಕರ್ಕೊಂಡು ಹೋಗ್ತಾರಲ್ಲ, ಹಾಗೆ."

"ಅವನು ಅಷ್ಟೆಲ್ಲ ಯೋಚ್ನೆ ಮಾಡಿರ್ತಾನಾ ಅತ್ತೆ?"

"ಮಾಡಿರ್ತಾನೆ. ದಡ್ಡ ಅಲ್ಲ ಅವನು. ನಾನೇ ಸಾಕಿದ್ದು."

ಹಲಗೆಯ ಹತ್ತಿರ ಇಳಿಸಿದಾಗ ನನ್ನ ಕೈ ಹಿಡಿದುಕೊಂಡರು. "ಬರ್ಲ್‌ಗೆ ಹೇಳ್ಬೇಡ. ವಿಷಯ ಮುಂದಿನ ತಿಂಗಳಿಗೆ ಹೋಯ್ತು ಅಂತೀನಿ." ಸಾಯಂಕಾಲ ವರ್ಸಿ ಬಂದಳು. ಅವಳಿಗೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದರಂತೆ. ವರ್ಸಿ ಜಗಲಿಯಲ್ಲೇ ನಿಂತು, "ಕೌಂಟಿ ರಸ್ತೆ ಅಂತ ಹೇಳಿದ್ದು ನೀವು. ನಿಮ್ಮನ್ನ ನಂಬಿ ಕಟ್ಟಿದ ಮನೆ," ಎಂದಳಂತೆ. ಇಡೀ ಕಣಿವೆಗೆ ಲಾನಿ ಮಾಡಿದ್ದು, ಡೆಲ್ಫಿ ಅತ್ತೆ ಮಾಡಿದ ಹಾಗಾಯಿತು. ಚರ್ಚಿನಲ್ಲಿ ಜನ "ನಿಮ್ಮ ಜಡ್ಜ್ ಹೇಗಿದಾರೆ?" ಎಂದು ಕೇಳತೊಡಗಿದರು. ಆರೋಗ್ಯ ವಿಚಾರಿಸಿದಂತೆ.

ಒಂದು ಬೆಳಿಗ್ಗೆ ಕೌಂಟಿಯ ಲಾರಿ ಬಂದು ಒಂದು ಲೋಡು ಜಲ್ಲಿ ಸುರಿದು ಹೋಯಿತು. ಕಂದಕದ ಈಚೆ, ನಮ್ಮ ಮನೆಯ ಪಕ್ಕ. ಆಚೆಗೆ ಹೋಗಲು ಲಾರಿಗೆ ದಾರಿಯಿಲ್ಲ. ಅದನ್ನು ಏನು ಮಾಡಬೇಕೋ ಯಾರಿಗೂ ತಿಳಿಯಲಿಲ್ಲ. ನಾನು ಬಟ್ಟೆ ಹರವುತ್ತಿದ್ದಾಗ ಹಿಂದೆಯೇ ಲಾನಿಯ ಪಿಕಪ್ಪು ಬಂದು ನಿಂತಿತು. ಅವನು ಇಳಿದು, ಜಲ್ಲಿ ಗುಡ್ಡೆಯನ್ನು ಒಂದು ಸುತ್ತು ಹಾಕಿ ನನ್ನ ಹತ್ತಿರ ಬಂದ.

"ಅತ್ತೆಗೆ ಹೇಳಮ್ಮ, ನಾನೇ ಕಳ್ಸಿದ್ದು ಅಂತ. ಒಂದು ಕಣಿವೆ ತಗೊಂಡ್ರೆ ಎಲ್ಲಾ ಕಣಿವೆಯೋರೂ ಬಂದು ನಿಲ್ತಾರೆ. ಎಲ್ರಿಗೂ ಮೋರಿ ಎಲ್ಲಿಂದ ತರ್ಲಿ ನಾನು? ಆ ಆಟದ ಜಾಗದಿಂದಾದ್ರೆ ನಾಲ್ಕು ಜನಕ್ಕೆ ಕೆಲಸ ಸಿಗತ್ತೆ. ಆ ಕುರ್ಚೀಲಿ ಕೂತ್ರೆ ಗೊತ್ತಾಗತ್ತೆ."

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದು ನನಗೂ ಗೊತ್ತು. "ನೀವೇ ದಾಟಿ ಹೋಗಿ ಹೇಳಿ ಜಡ್ಜ್ ಸಾಹೇಬ್ರೇ," ಎಂದೆ. "ಹಲಗೆ ಗಟ್ಟಿಯಾಗೇ ಇದೆ. ಅತ್ತೆ ಸಿಲಿಂಡರ್ ಹೊತ್ಕೊಂಡು ಓಡಾಡ್ತಾರೆ ಅದರ ಮೇಲೆ."

ಹಲಗೆಯ ಕಡೆ ನೋಡಿದ. ಆಚೆ ದಡದ ಮರಗಳ ಸಂದಿನಲ್ಲಿ ಅವರ ಮನೆಯ ತಗಡಿನ ಮಾಡು ಕಾಣುತ್ತಿತ್ತು. ಆಮೇಲೆ ಗಡಿಯಾರ ನೋಡಿಕೊಂಡ. ಎಲ್ಲೋ ಹೋಗಬೇಕಾಗಿದೆ ಎಂದ.

ಆಚೆ ಮಂಚದಲ್ಲಿ ಮಲಗಿದ್ದ ಬರ್ಲ್‌ಗೆ ಲಾರಿ ಸುರಿದ ಸದ್ದು ಕೇಳಿಸಿತ್ತು. ಆವತ್ತು ನಾನೇ ದಾಟಿ ಸಿಲಿಂಡರ್ ಕೊಡಲು ಹೋದಾಗ ಕಣ್ಣು ಹೊಳೆಯುತ್ತಿತ್ತು. "ಜಲ್ಲಿ ತಾನೆ? ಹೇಳ್ಲಿಲ್ವಾ ನಾನು? ಮೊದ್ಲು ಜಲ್ಲಿ, ಆಮೇಲೆ ಕೊಳವೆ. ಹುಡುಗ ಕೆಲಸ ಕಲ್ತಿದಾನೆ." ಡೆಲ್ಫಿ ಅತ್ತೆ ಅವರ ದಿಂಬು ಸರಿಮಾಡುತ್ತಿದ್ದರು. "ಹೂಂ, ಕಲ್ತಿದಾನೆ," ಎಂದರು. ಜಲ್ಲಿಯನ್ನು ವರ್ಸಿಯ ಮನೆಯವರು ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋದರು, ನಾನೂ ಒಂದಿಷ್ಟು ನಮ್ಮ ಮೆಟ್ಟಿಲ ಮುಂದೆ ಹರಡಿದೆ. ಡೆಲ್ಫಿ ಅತ್ತೆ ಒಂದು ಕಲ್ಲನ್ನೂ ಮುಟ್ಟಲಿಲ್ಲ.

ಮೆರವಣಿಗೆ ಇದಾದ ಮೇಲೆ. ಅವರು ಬಂದದ್ದೇ ಬರ್ಲ್ ಒತ್ತಾಯಕ್ಕೆ. "ಹೋಗಿ ಲಾನಿಗೆ ಕೈ ಬೀಸಿ ಬಾ, ನನ್ನ ಪರವಾಗಿ," ಎಂದಿದ್ದರಂತೆ. ಮನೆಗೆ ಹೋಗಿ ಕೈ ಬೀಸಿದೆ ಎಂದೇ ಹೇಳಿದರೋ ಏನೋ, ನಾನು ಕೇಳಲಿಲ್ಲ.

ಮೊನ್ನೆ ಬೆಳಗಿನ ತಿಂಡಿಯ ಹೊತ್ತಿಗೆ ಡೆಲ್ಫಿ ಅತ್ತೆಯ ಫೋನು. ಬರ್ಲ್ ತುಟಿ ನೀಲಿಯಾಗಿದೆ ಎಂದರು. ಆಂಬುಲೆನ್ಸಿಗೆ ನಾನೇ ಫೋನು ಮಾಡಿದೆ. ಬಂತು, ನಮ್ಮ ಮನೆಯ ಮುಂದೆ ನಿಂತಿತು. ಹುಡುಗರಿಬ್ಬರು ಪೆಟ್ಟಿಗೆ ಹಿಡಿದುಕೊಂಡು ಹಲಗೆ ದಾಟಿ ಕೆಸರಿನಲ್ಲಿ ಓಡಿದರು. ಅವರು ಒಳಗೆ ಹೋಗುವ ಹೊತ್ತಿಗೆ ಮುಗಿದಿತ್ತು. ಗಾಡಿ ಬಾಗಿಲವರೆಗೆ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಒಬ್ಬ ಹುಡುಗ ತಾನಾಗಿಯೇ ಹೇಳಿದ. ಇದ್ದೀತು. ಡೆಲ್ಫಿ ಅತ್ತೆ ಆ ಪ್ರಶ್ನೆಯನ್ನು ಅವನಿಗೆ ಕೇಳಿರಲಿಲ್ಲ. ಸ್ಟ್ರೆಚರಿಗೆ ಪಟ್ಟಿ ಬಿಗಿದು, ನಾಲ್ಕು ಜನ ಪಕ್ಕಕ್ಕೆ ವಾಲಿಕೊಂಡು ಬರ್ಲ್ ಅವರನ್ನು ಈಚೆಗೆ ತಂದರು.

ನಿನ್ನೆ ಬೆಳಿಗ್ಗೆ ಡೆಲ್ಫಿ ಅತ್ತೆ ನನ್ನ ಅಡುಗೆಮನೆಗೆ ಬಂದು ಕೂತರು. ಕಾಫಿ ಕೊಟ್ಟೆ. ವೆಸ್ ಅವರ ಮೊಣಕಾಲು ಹಿಡಿದು ಎದ್ದು ನಿಂತ, ಅವನ ಮೂಗು ತಮ್ಮ ಕರ್ಚೀಫಿನಲ್ಲೇ ಒರೆಸಿದರು.

"ದಿಬ್ಬದ ಮೇಲೇ ಮಣ್ಣು ಮಾಡೋದು," ಎಂದರು. "ಶವದ ಗಾಡಿ ಇಲ್ಲೀವರ್ಗೂ ಬರತ್ತೆ. ಇಲ್ಲಿಂದ ಹೊತ್ಕೊಂಡೇ ಹೋಗ್ಬೇಕು. ಆರು ಜನ ಬೇಕು. ಐದು ಜನ ಸಿಕ್ಕಿದಾರೆ. ವರ್ಸಿ ಗಂಡನೂ ಬರ್ತೀನಿ ಅಂದ, ಪುಣ್ಯಾತ್ಮ."

"ಆರನೇದು ನಮ್ಮ ಕೋಡಿಗೆ ಹೇಳ್ಲಾ ಅತ್ತೆ? ಪೈಪ್‌ಲೈನ್ ಕೆಲಸದಿಂದ ನಾಳೆ ಬಂದ್ಬಿಡ್ತಾರೆ."

"ಬೇಡ. ಆರನೇದು ಯಾರು ಅಂತ ಬರ್ಲ್ ಹೇಳೇ ಹೋಗಿದಾನೆ." ಕಾಫಿಯ ಲೋಟವನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದರು. "ಅವನಿಗೆ ನಾನು ಕೊನೇವರ್ಗೂ ಹೇಳ್ಲಿಲ್ಲ ನೋಡು. ಲಾನಿ ಹೆಗಲು ಕೊಡ್ಬೇಕು ಅಂದಿದಾನೆ. ನಾನು ಹೋಗಿ ಕರೆಯೋಕಾಗಲ್ಲ ಮಗಾ. ಬಾಯಿ ತೆಗೆದ್ರೆ ಅದೊಂದೇ ಮಾತು ಬರಲ್ಲ, ಹಿಂದಿಂದೆಲ್ಲ ಬಂದ್ಬಿಡತ್ತೆ. ನೀನು ಹೋಗ್ತೀಯಾ?"

ಹೂಂ ಎಂದೆ.

"ಸೌಜನ್ಯಕ್ಕೆ ಕರೀತಿದೀನಿ ಅಂತ ಅನ್ಬೇಡ. ಬರ್ಲ್ ಹೇಳಿದ್ದು ಅಂತ ಅಷ್ಟೇ ಹೇಳು. ತಲೆ ಕಡೆ ಅವನೇ ಹಿಡೀಬೇಕು. ಆಮೇಲೆ, ಆಫೀಸಿಗೆ ಹಾಕೋ ನುಣ್ಣನೆ ಬೂಟು ಬೇಡ ಅನ್ನು, ಗಣಿ ಬೂಟು ಹಾಕ್ಕೊಂಡು ಬರ್ಲಿ. ಇಬ್ಬನಿಗೆ ಹಲಗೆ ಜಾರತ್ತೆ."